ನೆಲವೂ ರಿಪೇರಿ, ದಿನಚರಿಯೂ ರಿಪೇರಿ: ಮನೆಯೊಳಗೆ ಉಚ್ಚೆ ಮಾಡುತ್ತಿದ್ದ ಕೆಂಚಿಗಾಗಿ ಮಾಡಿದ ಕೆಲಸ

ಮರಿ ನಾಯಿ ಮನೆಯೊಳಗೆ ಉಚ್ಚೆ ಮಾಡಿದರೆ "ಪಾಪ, ಚಿಕ್ಕದು" ಅಂತ ಒರೆಸಿ ಸುಮ್ಮನಾಗುತ್ತೇವೆ. ಒಂದೂವರೆ ವರ್ಷದ ನಾಯಿ ಮಾಡಿದರೆ ಮಾತ್ರ "ಇದು ಬೇಕಂತಲೇ ಮಾಡ್ತಿದೆ" ಅನ್ನಿಸಿಬಿಡುತ್ತದೆ. ನಾಯಿ ಹಾಗೆ ಹಗೆ ಸಾಧಿಸುವುದಿಲ್ಲ. ದೊಡ್ಡ ನಾಯಿ ಒಳಗೆ ಉಚ್ಚೆ ಮಾಡುತ್ತಿದೆ ಅಂದರೆ ಎಲ್ಲೋ ಏನೋ ಕೆಟ್ಟಿದೆ. ಅದರ ಮೈಯಲ್ಲಿರಬಹುದು, ದಿನಚರಿಯಲ್ಲಿರಬಹುದು, ಮನೆಯ ನೆಲದಲ್ಲೂ ಇರಬಹುದು. ಸೂರು ತೊಟ್ಟಿಕ್ಕುವುದು ಒಂದು ಕಡೆ, ಬಿರುಕಿರುವುದು ಇನ್ನೊಂದು ಕಡೆ. ಇದೂ ಹಾಗೆಯೇ. ಒದ್ದೆ ಕಂಡ ಜಾಗದಲ್ಲೇ ಕಾರಣ ಸಿಗುವುದಿಲ್ಲ.

ಕೆಂಚಿ ಹದಿನೆಂಟು ಕೆಜಿ ತೂಕದ ಹೆಣ್ಣು ನಾಯಿ. ಮಿಶ್ರ ತಳಿ, ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ. ಬೇರೆ ಮನೆಯಲ್ಲಿ ಬೆಳೆದು ನಮ್ಮಲ್ಲಿಗೆ ಬಂದವಳು. ಅಲ್ಲಿ ಮನೆಯೊಳಗೇ ಹಾಸಿದ, ಉಚ್ಚೆ ಹೀರುವ ಮೆತ್ತನೆ ಪ್ಯಾಡ್ ಮೇಲೆ ಉಚ್ಚೆ ಮಾಡುವ ಅಭ್ಯಾಸವಿತ್ತು. ಒಂದು ಮನೆಯಲ್ಲಿ ಕಲಿತದ್ದನ್ನು ಇನ್ನೊಂದು ಮನೆಗೆ ತಾನಾಗಿ ಹೊಂದಿಸಿಕೊಳ್ಳುವುದು ನಾಯಿಗೆ ಕಷ್ಟ. ಅದಕ್ಕೆ "ಟ್ರೈನಿಂಗ್ ಆಗಿರೋ ನಾಯಿ" ಅನ್ನುವ ಮಾತು ಆ ಮನೆಯ ಮಟ್ಟಿಗೆ ಮಾತ್ರ ನಿಜ.

ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದದ್ದು ಇಷ್ಟು: ನೆಲವನ್ನೂ ದಿನಚರಿಯನ್ನೂ ಜೊತೆಜೊತೆಗೇ ಸರಿಮಾಡಬೇಕು. ನೆಲದಲ್ಲಿ ವಾಸನೆ ಉಳಿದರೆ ಎಷ್ಟು ಕಲಿಸಿದರೂ ನಾಯಿ ಅಲ್ಲಿಗೇ ಹೋಗುತ್ತದೆ. ಹೊತ್ತು ಹೊತ್ತಿಗೆ ಹೊರಗೆ ಕರೆದೊಯ್ಯದಿದ್ದರೆ ಎಷ್ಟು ತೊಳೆದರೂ ನೆಲ ಮತ್ತೆ ಒದ್ದೆಯಾಗುತ್ತದೆ.

ಮೊದಲು ಡಾಕ್ಟರು

ಪಶುವೈದ್ಯರು ಮೊದಲು ಕೇಳಿದ್ದೇ ಇದನ್ನು: "ಮಲಗಿದ್ದಾಗ ತಾನಾಗೇ ಒದ್ದೆ ಆಗುತ್ತಾ, ಇಲ್ಲಾ ಎದ್ದು ಹೋಗಿ ಕೂತು ಮಾಡ್ತಾಳಾ?"

"ಎದ್ದು ಹೋಗಿ ಮಾಡ್ತಾಳೆ ಡಾಕ್ಟ್ರೇ. ಹಾಸಿಗೆ ಯಾವತ್ತೂ ಒದ್ದೆ ಆಗಿಲ್ಲ."

ಈ ಒಂದು ಪ್ರಶ್ನೆಯಲ್ಲಿ ಅರ್ಧ ದಾರಿ ಗೊತ್ತಾಗುತ್ತದೆ. ನಿದ್ದೆಯಲ್ಲಿ ಸೋರಿದರೆ ಅದು ಅಭ್ಯಾಸದ ವಿಷಯವೇ ಅಲ್ಲ. ಆಪರೇಷನ್ ಆದ ಹೆಣ್ಣು ನಾಯಿಗಳಲ್ಲಿ ಮೂತ್ರನಾಳದ ಬಿಗಿ ಸಡಿಲವಾಗಿ ಹೀಗೆ ಸೋರುವುದುಂಟು. ಅದಕ್ಕೆ ಔಷಧ ಇದೆ. ಹುಟ್ಟಿದಾಗಿನಿಂದ ಸದಾ ತೊಟ್ಟಿಕ್ಕುತ್ತಿದ್ದರೆ, ಕಿಡ್ನಿಯಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಬೇರೆ ಕಡೆ ತೆರೆದುಕೊಂಡಿರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪದೇ ಪದೇ ಕೂತು ಸ್ವಲ್ಪ ಸ್ವಲ್ಪ ಮಾಡುವುದು, ತಿಣುಕುವುದು, ಉಚ್ಚೆಯಲ್ಲಿ ರಕ್ತ ಕಾಣುವುದು, ಆ ಜಾಗವನ್ನು ನೆಕ್ಕುತ್ತಲೇ ಇರುವುದು, ಇವೆಲ್ಲ ಸೋಂಕು ಅಥವಾ ಕಲ್ಲಿನ ಲಕ್ಷಣ. ಸ್ಟೀರಾಯ್ಡ್ ಔಷಧ ಕೊಡುತ್ತಿದ್ದರೂ ನಾಯಿಗೆ ಬಾಯಾರಿಕೆ ಹೆಚ್ಚಿ ಉಚ್ಚೆ ಜಾಸ್ತಿಯಾಗುತ್ತದೆ. ಒಳಗೆ ಕಕ್ಕ ಮಾಡುವುದು ಹಠಾತ್ತನೆ ಶುರುವಾಗಿ ಅದು ತೆಳ್ಳಗಿದ್ದರೆ ಹುಳು, ಜಿಯಾರ್ಡಿಯಾ ಅನ್ನುವ ಕರುಳಿನ ಪರೋಪಜೀವಿ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ನೀರು ಅಳೆದದ್ದು. ಬೆಳಿಗ್ಗೆ ಅಳತೆ ಜಗ್ಗಿನಿಂದ ಬಟ್ಟಲು ತುಂಬಿಸಿ, ಮಧ್ಯೆ ಹಾಕಿದ್ದನ್ನೆಲ್ಲ ಬರೆದಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆದೆ. ನಾಯಿ ದಿನಕ್ಕೆ ಕೆಜಿಗೆ ಸುಮಾರು 50ರಿಂದ 60 ಮಿಲೀ ನೀರು ಕುಡಿಯುವುದು ಸಾಮಾನ್ಯ. 100 ಮಿಲೀ ದಾಟಿದರೆ ಜಾಸ್ತಿ. ಕೆಂಚಿಯ ತೂಕಕ್ಕೆ ಒಂದು ಲೀಟರ್ ಆಸುಪಾಸು ಸರಿ, 1.8 ಲೀಟರ್ ದಾಟಿದರೆ ಯೋಚಿಸಬೇಕು. ಅವಳದು ಸರಿಯಾಗೇ ಇತ್ತು. ಬಿಸಿಲು, ಓಡಾಟ, ಒಣ ಆಹಾರ ಇದ್ದರೆ ಸ್ವಲ್ಪ ಏರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಮಾತು: ಉಚ್ಚೆ ಕಮ್ಮಿ ಆಗಲಿ ಅಂತ ನೀರು ಮಾತ್ರ ಕಮ್ಮಿ ಮಾಡಬೇಡಿ. ಕಾಯಿಲೆ ಇರುವ ನಾಯಿಗೆ ಅದು ಅಪಾಯ.

ಉಚ್ಚೆಯ ಸ್ಯಾಂಪಲ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಬೆಳಗಿನ ಮೊದಲ ಉಚ್ಚೆ ಒಳ್ಳೆಯದು, ರಾತ್ರಿಯಿಡೀ ಮೂತ್ರಕೋಶದಲ್ಲಿದ್ದು ಗಟ್ಟಿಯಾಗಿರುತ್ತದೆ. ಹೆಣ್ಣು ನಾಯಿ ನೆಲಕ್ಕೆ ತೀರಾ ಹತ್ತಿರ ಕೂರುತ್ತದೆ, ಲೋಟ ಹಿಡಿಯಲು ಜಾಗವೇ ಇರುವುದಿಲ್ಲ. ತಗ್ಗು ಅಂಚಿನ ಚಪ್ಪಟೆ ತಟ್ಟೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಅವಳು ಕೂತು ಶುರು ಮಾಡಿದ ಮೇಲೆ ಹಿಂದಿನಿಂದ ಮೆಲ್ಲಗೆ ಜಾರಿಸಿದೆ. ಮೊದಲೇ ಜಾರಿಸಿದರೆ ಎದ್ದುಬಿಡುತ್ತಾಳೆ. ಕೆಲವೇ ಚಮಚ ಸಾಕು. ಮುಚ್ಚಳದ ಡಬ್ಬಿಗೆ ಸುರಿದು, ತಕ್ಷಣ ಹೋಗಲು ಆಗದಿದ್ದರೆ ಫ್ರಿಜ್‌ನಲ್ಲಿಟ್ಟು, ಕೆಲವು ಗಂಟೆಯೊಳಗೆ ಕೊಡಬೇಕು. ವರದಿಯಲ್ಲಿ ಸೋಂಕು ಇರಲಿಲ್ಲ, ಸಾಂದ್ರತೆಯೂ ಸರಿ ಇತ್ತು. ಮೈಯಲ್ಲಿ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆಯೇ ಉಳಿದ ಕೆಲಸಕ್ಕೆ ಕೈ ಹಾಕಿದೆ.

ಫ್ರಿಜ್ ಬಾಗಿಲಿನ ಹಾಳೆ

ಒಂದು ಹಾಳೆಗೆ ಗೆರೆ ಎಳೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲೇ ಪೆನ್ನು ಕಟ್ಟಿಟ್ಟೆ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು, ಅದಕ್ಕೆ ಮುಂಚೆ ಏನು ನಡೆದಿತ್ತು, ಮನೆಯಲ್ಲಿ ಯಾರಿದ್ದರು. ಮನೆಯವರೆಲ್ಲರೂ ಬರೆಯಬೇಕು. ಹೊರಗೆ ಮಾಡಿದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. "ಎಷ್ಟು" ಅನ್ನುವ ಕಾಲಂ ಮುಖ್ಯ. ನಾವು ಹನಿ, ಅಂಗೈ, ಕೊಳ ಅಂತ ಮೂರೇ ಅಳತೆ ಇಟ್ಟುಕೊಂಡೆವು.

ಹಾಳೆ ತುಂಬುವಷ್ಟರಲ್ಲಿ ಮೂರು ಬೇರೆ ಬೇರೆ ಕಥೆ ಕಾಣಿಸಿದವು.

ಒಂದು, ಸಂಜೆ ವಾಕಿಂಗ್ ಮುಗಿಸಿ ಬಂದ ಸ್ವಲ್ಪ ಹೊತ್ತಿಗೆ ಮನೆಯೊಳಗಿನ ಓಣಿಯ ಕಾರ್ಪೆಟ್ ಮೇಲೆ ಕೊಳ. ವಾಕಿಂಗ್ ಕಾಲಂ ನೋಡಿದರೆ ಆ ದಿನಗಳಲ್ಲಿ ಹೊರಗೆ ಉಚ್ಚೆಯೇ ಆಗಿರಲಿಲ್ಲ. ಸಂಜೆ ಹೊರಗೆ ಗದ್ದಲ ಜಾಸ್ತಿ. ಅವಳು ಮೂಸುವುದರಲ್ಲಿ, ನೋಡುವುದರಲ್ಲಿ ಮುಳುಗಿ, ತುಂಬಿದ ಮೂತ್ರಕೋಶ ಹೊತ್ತುಕೊಂಡೇ ವಾಪಸ್ ಬರುತ್ತಿದ್ದಳು. ಒಳಗೆ ಶಾಂತವಾದ ಜಾಗ, ಕಾಲಡಿ ಪ್ಯಾಡಿನಂಥ ಮೆತ್ತನೆ. ನಾಯಿ ಮರಿಯಾಗಿದ್ದಾಗ ಯಾವುದರ ಮೇಲೆ ಉಚ್ಚೆ ಮಾಡಿ ರೂಢಿಯಾಗಿರುತ್ತದೋ ದೊಡ್ಡದಾದ ಮೇಲೂ ಅಂಥದ್ದನ್ನೇ ಹುಡುಕುತ್ತದೆ.

ಎರಡು, ಹಿಂಬಾಗಿಲ ಪಕ್ಕ, ಗೋಡೆ ಮೂಲೆಯಲ್ಲಿ. ಇದು ಯಾರೂ ಆ ಕಡೆ ಇಲ್ಲದ ಹೊತ್ತಿಗೆ. ಇದನ್ನು ನೋಡಿ ನನಗೆ ಕರುಳು ಚುರ್ ಅಂದಿತು. ಬಾಗಿಲ ತನಕ ಹೋಗಿ, ತೆರೆಯುವವರು ಇಲ್ಲದೆ, ತಡೆಯಲಾಗದೆ ಅಲ್ಲೇ ಮಾಡಿದ್ದಾಳೆ. ಬಾಗಿಲ ಬಳಿ ಉಚ್ಚೆ ಮಾಡುವ ನಾಯಿಗೆ ಹೊರಗೆ ಹೋಗಬೇಕು ಅನ್ನುವುದು ಗೊತ್ತಿದೆ. ಅದನ್ನು ನಮಗೆ ತಿಳಿಸುವ ದಾರಿ ಮಾತ್ರ ಇಲ್ಲ.

ಮೂರು, ಮುಂಬಾಗಿಲಲ್ಲಿ ಹನಿ ಹನಿ. ಯಾರಾದರೂ ಒಳಗೆ ಬಂದಾಗ ಮಾತ್ರ.

ನಿಮ್ಮ ಹಾಳೆ ಬೇರೆ ಕಥೆ ಹೇಳಬಹುದು. ಗಂಡು ನಾಯಿ ಕಾಲೆತ್ತಿ ಕುರ್ಚಿ ಕಾಲಿಗೆ, ಗೋಡೆಯಂಚಿಗೆ ಸ್ವಲ್ಪವೇ ಹಾಕುತ್ತಿದ್ದರೆ ಅದು ಗುರುತು ಹಾಕುವ ಬುದ್ಧಿ, ವಯಸ್ಸಿಗೆ ಬರುವಾಗ ಶುರುವಾಗುತ್ತದೆ. ಹೆಣ್ಣು ನಾಯಿಗಳೂ ಮಾಡುವುದುಂಟು. ಆಪರೇಷನ್ ಮಾಡಿಸಿದರೆ ಎಷ್ಟೋ ಗಂಡು ನಾಯಿಗಳಲ್ಲಿ ಕಮ್ಮಿಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಒಂಟಿಯಾಗಿ ಬಿಟ್ಟಾಗ ಮಾತ್ರ ಆಗುತ್ತಿದ್ದು, ಜೊತೆಗೆ ಊಳಿಡುವುದು, ಬಾಗಿಲು ಕೆರೆಯುವುದು ಇದ್ದರೆ ಅದು ಭಯ. ಹಳೇ ಫೋನನ್ನು ಕ್ಯಾಮೆರಾ ಮಾಡಿ ಇಟ್ಟು ಹೋಗಿ ನೋಡಿ, ಗೊತ್ತಾಗುತ್ತದೆ. ಆ ಭಯಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಇಲ್ಲಿ ಬರೆದಿರುವುದು ಅದಕ್ಕೆ ಸಾಲದು.

ಕತ್ತಲಲ್ಲಿ ಟಾರ್ಚ್

ತೊಳೆಯುವ ಮುಂಚೆ ಎಲ್ಲೆಲ್ಲಿ ಇದೆ ಅಂತ ಗೊತ್ತಾಗಬೇಕಲ್ವಾ? ಅದಕ್ಕೆ ಯುವಿ, ಅಂದರೆ ಅತಿನೇರಳೆ ಬೆಳಕಿನ ಟಾರ್ಚ್. 365ರಿಂದ 395 ನ್ಯಾನೋಮೀಟರ್ ತರಂಗಾಂತರದ್ದು. 365ರದ್ದಾದರೆ ನೇರಳೆ ಬೆಳಕು ಕಣ್ಣಿಗೆ ಕಮ್ಮಿ ಹೊಡೆಯುತ್ತದೆ, ಕಲೆ ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಎಲ್ಲ ದೀಪ ಆರಿಸಿ, ಕರ್ಟನ್ ಎಳೆದು, ಕೆಂಚಿಯನ್ನು ಬೇರೆ ಕೋಣೆಯಲ್ಲಿ ಬಿಟ್ಟು, ನೆಲಕ್ಕೆ ತಗ್ಗಾಗಿ ಹಿಡಿದು ಮೂಲೆ ಮೂಲೆ ನೋಡಿದೆ. ಟಾರ್ಚಿನ ಬೆಳಕು ನಾಯಿಯ ಕಣ್ಣಿಗೂ ನಮ್ಮ ಕಣ್ಣಿಗೂ ನೇರ ಬೀಳಬಾರದು.

ಒಣಗಿದ ಉಚ್ಚೆ ಮಂಕು ಹಳದಿ-ಹಸಿರಾಗಿ ಹೊಳೆಯುತ್ತದೆ. ಸೋಪಿನ ಪುಡಿ, ಕಾಗದದ ಚೂರು, ಬಟ್ಟೆಯ ನೂಲು ಕೂಡ ಹೊಳೆಯುತ್ತವೆ, ಆದರೆ ಅವು ನೀಲಿ-ಬಿಳಿ. ಅನುಮಾನ ಬಂದ ಕಡೆ ಒದ್ದೆ ಬಟ್ಟೆ ಒತ್ತಿ ಮೂಸಿದರೆ ಸಾಕು. ಹೊಳೆದ ಪ್ರತಿ ಜಾಗದ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿದೆ, ಬಟ್ಟೆಯ ಮೇಲೆ ಪಿನ್ನು ಚುಚ್ಚಿದೆ.

ಹಾಳೆಯಲ್ಲಿ ಇಲ್ಲದ ಒಂದು ಜಾಗ ಆವತ್ತು ಸಿಕ್ಕಿತು: ಸೋಫಾದ ಹಿಂಬದಿ, ಗೋಡೆಗೆ ಆತುಕೊಂಡ ಕಡೆ. ಹಿಂಬಾಗಿಲ ಬಳಿ ಕಲೆ ನೆಲಕ್ಕೆ ನಿಲ್ಲದೆ ಗೋಡೆಯ ಬುಡಕ್ಕೆ ಹೊಡೆದ ಸ್ಕರ್ಟಿಂಗ್ ಪಟ್ಟಿಯ ಕೆಳಗೆ ನುಗ್ಗಿತ್ತು. ಟೈಲ್ಸ್ ಸಂದಿಗಳು ಉದ್ದುದ್ದ ಗೆರೆಗಳಾಗಿ ಹೊಳೆಯುತ್ತಿದ್ದವು, ಟೈಲ್ಸ್ ಮಾತ್ರ ಕಪ್ಪಗೆ ಸ್ವಚ್ಛವಾಗಿತ್ತು. ದಿನವೂ ಒರೆಸುವ ನೆಲ ಅದು. ಒರೆಸುವ ಬಟ್ಟೆ ಸಂದಿಗೆ ಇಳಿಯುವುದಿಲ್ಲ ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು.

ತೊಳೆಯುವುದು

ಹೊಸ ಉಚ್ಚೆಗೆ ಅಷ್ಟು ವಾಸನೆ ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡಿದಾಗ ಮೂಗಿಗೆ ಹೊಡೆಯುತ್ತದೆ. ನೀರು ಆರಿದ ಮೇಲೂ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಗಾಳಿಯಲ್ಲಿ ತೇವ ಹೆಚ್ಚಿದ ದಿನಗಳಲ್ಲಿ ಹಳೇ ಜಾಗ ಮತ್ತೆ ನಾರುವುದು. ನಮ್ಮ ಮೂಗಿಗೆ ಹೋಯಿತು ಅನ್ನಿಸಿದರೂ ನಾಯಿಯ ಮೂಗಿಗೆ ಹೋಗಿರುವುದಿಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷ. ನಾಯಿಗೆ ತಳಿಗೆ ತಕ್ಕಂತೆ ಹತ್ತಿಪ್ಪತ್ತು ಕೋಟಿ, ಅದಕ್ಕೂ ಮೇಲೆ.

ಹೀಗಾಗಿ ಪರಿಮಳದ ಫ್ಲೋರ್ ಕ್ಲೀನರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವಾಸನೆಯ ಮೇಲೆ ಇನ್ನೊಂದು ವಾಸನೆ ಹಾಕುತ್ತದೆ ಅಷ್ಟೇ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಉಚ್ಚೆಯ ವಾಸನೆಯದೇ ನೆಂಟು ಅದು. ಬ್ಲೀಚ್ ಬಗ್ಗೆ ಗಂಭೀರವಾಗಿ ಹೇಳುತ್ತೇನೆ: ಉಚ್ಚೆಯಲ್ಲಿರುವ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೀನ್ ಅನ್ನುವ ವಿಷದ ಗಾಳಿ ಏಳುತ್ತದೆ. ಉಚ್ಚೆಯ ಮೇಲೆ ಬ್ಲೀಚ್ ಸುರಿಯಬೇಡಿ. ಬಿಸಿನೀರು, ಸ್ಟೀಮ್ ಕೂಡ ಬೇಡ, ಕಾವಿಗೆ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ವಿನೆಗರ್‌ನಿಂದ ಅಮೋನಿಯಾ ವಾಸನೆ ತಗ್ಗುತ್ತದೆ, ಉಳಿದದ್ದು ಒಡೆಯುವುದಿಲ್ಲ. ಮಾರ್ಬಲ್ ಮೇಲಂತೂ ಹಾಕಬಾರದು, ಹೊಳಪು ತಿಂದುಬಿಡುತ್ತದೆ.

ಕೆಲಸಕ್ಕೆ ಬಂದದ್ದು ಎಂಜೈಮ್ ಕ್ಲೀನರ್. ಅದು ಕಲೆಯನ್ನು ನಿಧಾನವಾಗಿ ಒಡೆಯುತ್ತದೆ. ಈ "ನಿಧಾನ"ಕ್ಕೆ ಜಾಗ ಕೊಡಬೇಕು. ಸಿಂಪಡಿಸಿ ಒರೆಸಿದರೆ ನೀರು ಸಿಂಪಡಿಸಿದಂತೆಯೇ ಲೆಕ್ಕ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಇದೂ ಇಳಿಯಬೇಕು, ಎಷ್ಟು ಅಗಲ ಹರಡಿದೆಯೋ ಅದಕ್ಕಿಂತ ಒಂದು ಗೇಣು ಹೆಚ್ಚು ನೆನೆಯಬೇಕು.

ಸೋಫಾದಲ್ಲಿ ಮಾಡಿದ್ದು ಹೀಗೆ. ಸೋಫಾ ಎಳೆದು, ಕುಶನ್ ಕವರಿನ ಜಿಪ್ ಬಿಚ್ಚಿ, ಒಳಗಿನ ಫೋಮ್ ಹೊರತೆಗೆದೆ. ಕವರಿನ ಮೇಲೆ ಅಂಗೈಯಗಲದ ಕಲೆ, ಫೋಮಿನಲ್ಲಿ ತಟ್ಟೆಯಗಲ. ಮೇಲೆ ಸಣ್ಣದು, ಒಳಗೆ ಹರಡಿ ದೊಡ್ಡದು. ಮೊದಲು ತಣ್ಣೀರು ಹಾಕಿ, ಹಳೇ ಟವೆಲ್ ಮಡಿಸಿಟ್ಟು, ಮೇಲೆ ನಿಂತು ಮೈಭಾರ ಬಿಟ್ಟು ಹೀರಿಸಿದೆ. ಉಜ್ಜಲಿಲ್ಲ. ಉಜ್ಜಿದರೆ ಹರಡುತ್ತದೆ. ಟವೆಲ್‌ನಲ್ಲಿ ಹಳದಿ ಬರುವುದು ನಿಂತ ಮೇಲೆ ಎಂಜೈಮ್ ದ್ರಾವಣವನ್ನು ಫೋಮಿನ ಹಿಂಬದಿ ಒದ್ದೆ ಕಾಣುವ ತನಕ ಸುರಿದೆ. ಬೇಗ ಆರಬಾರದು ಅಂತ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟೆ. ಆಮೇಲೆ ನೆಟ್ಟಗೆ ನಿಲ್ಲಿಸಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ, ಮತ್ತೆ ಟಾರ್ಚ್, ಮತ್ತೆ ಮೂಗು. ವಾಸನೆ ಉಳಿದಿದ್ದರಿಂದ ಇಡೀ ಕೆಲಸ ಮತ್ತೊಮ್ಮೆ. ಹಳೇ ಕಲೆಗೆ ಒಂದೇ ಸಲಕ್ಕೆ ಆಗುವುದಿಲ್ಲ, ಬೇಸರ ಪಟ್ಟುಕೊಳ್ಳಬೇಡಿ. ಬಟ್ಟೆಯ ಬಣ್ಣ ಬಿಡುತ್ತದಾ ಅಂತ ಕಾಣದ ಮೂಲೆಯಲ್ಲಿ ಮೊದಲು ನೋಡಿ. ಬೇರೆ ಸೋಪು, ಡೆಟಾಲ್‌ನಂಥದ್ದು ಮುಂಚೆ ಹಾಕಿದ್ದರೆ ಚೆನ್ನಾಗಿ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಎಂಜೈಮ್ ಕೆಲಸ ಮಾಡುವುದಿಲ್ಲ.

ಟೈಲ್ಸ್ ಸಂದಿ, ಸ್ಕರ್ಟಿಂಗ್

ಸಂದಿ ತುಂಬುವ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ಪರೀಕ್ಷೆ ಸುಲಭ. ಸಂದಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಮೇಲೆ ಸೀಲರ್ ಇದೆ, ಅಂದರೆ ನೀರು ಇಳಿಯದಂತೆ ಹಚ್ಚುವ ಲೇಪ. ಸಂದಿ ಕಪ್ಪಾಗುತ್ತಾ ಹನಿ ಇಂಗಿದರೆ ಉಚ್ಚೆಯೂ ಹೀಗೇ ಇಂಗಿದೆ ಅಂತ ತಿಳಿಯಿರಿ. ಹಿಂಬಾಗಿಲ ಬಳಿ ನಾನು ಬಿಟ್ಟ ಹನಿ ಕಣ್ಣ ಮುಂದೆಯೇ ಮಾಯವಾಯಿತು.

ಅಲ್ಲಿ ತೊಳೆದರೆ ಸಾಲದು ಅನ್ನಿಸಿ ಮೇಲಿನ ಪದರ ಕೆರೆದು ತೆಗೆದೆ. ಗ್ರೌಟ್ ಕೆರೆಯುವ ಹಲ್ಲಿನ ಉಪಕರಣ ಬರುತ್ತದೆ, ಕೈಯಲ್ಲೇ ಎಳೆಯುವುದು. ಎರಡು ಮೂರು ಮಿಲಿಮೀಟರ್ ಆಳ ಸಾಕು. ಟೈಲ್ಸ್ ಅಂಚು ಚಕ್ಕೆ ಏಳದ ಹಾಗೆ ನಡುವೆ ಎಳೆಯಬೇಕು, ಅವಸರ ಮಾಡಬಾರದು. ಧೂಳು ಏಳುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಕೆರೆದ ಸಂದಿಗೆ ಎಂಜೈಮ್ ಬಿಟ್ಟು ನೆನೆಸಿ, ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ರೌಟ್ ಒತ್ತಿ ತುಂಬಿದೆ. ಗ್ರೌಟ್ ಗಟ್ಟಿಯಾಗಲು ಪ್ಯಾಕೆಟ್ ಮೇಲೆ ಹೇಳಿದಷ್ಟು, ಸಾಮಾನ್ಯವಾಗಿ ಎರಡು ಮೂರು ದಿನ ಬಿಟ್ಟು, ಆಮೇಲೆ ಸಣ್ಣ ಬ್ರಷ್‌ನಲ್ಲಿ ಸೀಲರ್. ಮತ್ತೆ ಹನಿ ಬಿಟ್ಟು ನೋಡಿದೆ. ನಿಂತಿತು. ಹೊಸದಾಗಿ ನೆಲ ಹಾಕಿಸುವವರಿಗೆ ಹೇಳುತ್ತೇನೆ, ನಾಯಿ ಇದ್ದರೆ ಎಪಾಕ್ಸಿ ಗ್ರೌಟ್ ಹಾಕಿಸಿ. ಅದು ಹೀರುವುದಿಲ್ಲ.

ಸ್ಕರ್ಟಿಂಗ್ ಪಟ್ಟಿ ಎಂಡಿಎಫ್‌ನದು, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯದು. ಮುಂದೆ ಬಣ್ಣ ಇತ್ತು, ಅಡಿಯಂಚಿಗೆ ಬಣ್ಣವೇ ಇರಲಿಲ್ಲ. ಗೋಡೆಯ ಜೊತೆಗಿನ ಬಣ್ಣದ ಗೆರೆಯನ್ನು ಚಾಕುವಿನಿಂದ ಕೊಯ್ದು, ಪುಟ್ಟಿ ಹಚ್ಚುವ ಚಪ್ಪಟೆ ಪಟ್ಟಿ ತೂರಿಸಿ, ಮೆಲ್ಲಗೆ ಎಬ್ಬಿಸಿದೆ. ಅಡಿಭಾಗ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಅಂಥ ಪಟ್ಟಿಯನ್ನು ತೊಳೆದು ಉಳಿಸಲು ಆಗುವುದಿಲ್ಲ, ಬದಲಿಸಿದೆ. ಹಿಂದಿನ ಗೋಡೆ ತೊಳೆದು ಒಣಗಿಸಿ ಅರಗಿನ ಪ್ರೈಮರ್ ಹೊಡೆದೆ. ಶೆಲ್ಯಾಕ್ ಪ್ರೈಮರ್ ಅಂತ ಸಿಗುತ್ತದೆ, ವಾಸನೆಯನ್ನು ಒಳಗೇ ಮುಚ್ಚಿಡುವುದರಲ್ಲಿ ಅದು ಗಟ್ಟಿ. ಘಾಟು ಜಾಸ್ತಿ, ಕಿಟಕಿ ತೆರೆದಿಟ್ಟು ನಾಯಿಯನ್ನು ದೂರ ಇಡಬೇಕು. ಹೊಸ ಪಟ್ಟಿ ಗಟ್ಟಿ ಮರದ್ದು. ಕೂರಿಸುವ ಮುಂಚೆಯೇ ಮುಂದೆ, ಹಿಂದೆ, ಮೇಲೆ, ಕೆಳಗೆ, ತುದಿಗಳಿಗೆ ಎಲ್ಲ ಕಡೆ ಬಣ್ಣ ಹಚ್ಚಿದೆ. ಕೂರಿಸಿದ ಮೇಲೆ ಪಟ್ಟಿಗೂ ಟೈಲ್ಸ್‌ಗೂ ನಡುವೆ ಸಿಲಿಕೋನ್ ಎಳೆದು, ಒದ್ದೆ ಬೆರಳಿಂದ ಸವರಿ ಮುಚ್ಚಿದೆ. ಈಗ ಏನು ಚೆಲ್ಲಿದರೂ ಮೇಲೆಯೇ ನಿಲ್ಲುತ್ತದೆ.

ಗೇಟು, ಹಗ್ಗ, ಗಂಟೆ, ಡಬ್ಬಿ

ನೆಲ ಒಣಗುತ್ತಿದ್ದಾಗ ಗೇಟು ಮಾಡಿದೆ. ಓಣಿಯ ಬಾಯಿಗೆ, ಮರದ ಪಟ್ಟಿಗಳದ್ದು, 90 ಸೆಂ.ಮೀ. ಎತ್ತರ. ಕಂಬಿಗಳು ಉದ್ದಕ್ಕೆ ನಿಂತಿರಬೇಕು. ಅಡ್ಡ ಇದ್ದರೆ ನಾಯಿ ಏಣಿ ಹತ್ತಿದ ಹಾಗೆ ಹತ್ತುತ್ತದೆ. ಸಂದಿ ತಲೆ ತೂರದಷ್ಟು ಸಣ್ಣದಿರಬೇಕು, ನಾನು 5 ಸೆಂ.ಮೀ. ಇಟ್ಟೆ. ಒಂದು ಕಡೆ ಕೀಲು, ಒಂದು ಕಡೆ ಚಿಲಕ.

ಹಗ್ಗ ಅಂದರೆ ಅವಳ ಎರಡು ಮೀಟರ್ ಲೀಶ್. ನಾನು ಮನೆಯಲ್ಲಿ ಕೆಲಸ ಮಾಡುವಾಗ ಅದರ ತುದಿ ನನ್ನ ಸೊಂಟದ ಬೆಲ್ಟಿಗೆ. ಕಣ್ಣಿಗೆ ಕಾಣದೆ ಬೇರೆ ಕೋಣೆಗೆ ಹೋಗುವುದು ಆಗ ಸಾಧ್ಯವೇ ಇಲ್ಲ. ಮೂಗು ನೆಲಕ್ಕೆ ಹಚ್ಚಿ ಸುತ್ತತೊಡಗಿದರೆ, ಆಟದ ಮಧ್ಯೆ ಹಠಾತ್ತನೆ ನಿಂತರೆ ಹಗ್ಗದಲ್ಲೇ ಗೊತ್ತಾಗುತ್ತದೆ. ನಾನು ಇಲ್ಲದಾಗ ಮೇಜಿನ ಕಾಲಿಗೆ ಕಟ್ಟಿ ಹೋಗುವುದು ಮಾತ್ರ ಇಲ್ಲ, ಸಿಕ್ಕಿಹಾಕಿಕೊಂಡರೆ ಅಪಾಯ. ಆಗ ಗೇಟಿನ ಒಳಗೆ.

ಹಿಂಬಾಗಿಲಿಗೆ ಅವಳ ಮೂಗಿನ ಎತ್ತರದಲ್ಲಿ ಗಂಟೆಯ ಸರ ಕಟ್ಟಿದೆ. ಹೊರಗೆ ಹೋಗುವ ಪ್ರತಿ ಸಲ ಗಂಟೆಯ ಹಿಂದೆ ಬೆರಳು ಹಿಡಿದೆ. ಅವಳು ಮೂಸಲು ಬಂದಾಗ ಗಂಟೆ ಅಲ್ಲಾಡುತ್ತದೆ, ಆ ಕ್ಷಣಕ್ಕೇ ಬಾಗಿಲು ತೆರೆಯಬೇಕು. ಗಂಟೆ ಅಂದರೆ ಬಾಗಿಲು ಅಂತ ಬೇಗ ಹಿಡಿದುಕೊಂಡಳು. ಸುಮ್ನೆ ಆಡಲಿಕ್ಕೂ ಬಾರಿಸಲು ಶುರು ಮಾಡುತ್ತವೆ ನಾಯಿಗಳು. ಅದಕ್ಕೆ ಗಂಟೆ ಬಾರಿಸಿದರೆ ಲೀಶ್ ಹಾಕಿ ಉಚ್ಚೆಯ ಜಾಗಕ್ಕೆ ಮಾತ್ರ ಕರೆದೊಯ್ಯುತ್ತೇನೆ. ಮಾಡದಿದ್ದರೆ ಸೀದಾ ವಾಪಸ್.

ಇವೆಲ್ಲದರಲ್ಲಿ ಅತಿ ಚಿಕ್ಕದು, ಅತಿ ಉಪಯೋಗಕ್ಕೆ ಬಂದದ್ದು ಒಂದು ಮುಚ್ಚಳದ ಡಬ್ಬಿ. ಹೊರಗೆ ಉಚ್ಚೆಯ ಜಾಗದ ಪಕ್ಕದ ಗೋಡೆಗೆ, ಕೈಗೆಟುಕುವ ಎತ್ತರದಲ್ಲಿ ಸ್ಕ್ರೂ ಹಾಕಿ ಕೂರಿಸಿದೆ. ತಿನಿಸು ಅದರೊಳಗೆ. ಯಾಕೆ ಅಂದರೆ ಬಹುಮಾನ ಉಚ್ಚೆ ಮುಗಿದ ಒಂದೆರಡು ಸೆಕೆಂಡಿನೊಳಗೆ ಸಿಗಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಅವಳು ಕಲಿಯುವುದು "ಮನೆಯೊಳಗೆ ಬಂದರೆ ತಿನಿಸು" ಅಂತ.

ದಿನಚರಿ

ಕೆಂಚಿಯನ್ನು ಮತ್ತೆ ಮರಿಯ ಹಾಗೇ ನೋಡಿಕೊಂಡೆವು. ದೊಡ್ಡ ನಾಯಿ ಆರೆಂಟು ಗಂಟೆ ತಡೆದುಕೊಳ್ಳಬಲ್ಲದು, ನಿಜ. ತಡೆದುಕೊಳ್ಳುವ ಶಕ್ತಿ ಬೇರೆ, ಎಲ್ಲಿ ಬಿಡಬೇಕು ಅನ್ನುವ ತಿಳಿವಳಿಕೆ ಬೇರೆ. ಎದ್ದ ಕೂಡಲೇ, ಊಟವಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಆಟ ಮುಗಿದಾಗ, ಹಗಲು ನಿದ್ದೆಯಿಂದ ಎದ್ದಾಗ, ಮಲಗುವ ಮುಂಚೆ ಹೊರಗೆ ಕರೆದೊಯ್ಯುವುದು. ಇವುಗಳ ನಡುವೆ ಎರಡೆರಡು ಗಂಟೆಗೊಮ್ಮೆ. ಊಟ ನಿಗದಿತ ಹೊತ್ತಿಗೆ. ಹೊಟ್ಟೆಗೆ ಬಿದ್ದೊಡನೆ ಕರುಳು ಅಲುಗುತ್ತದೆ, ಊಟದ ಹೊತ್ತು ಸರಿಯಿದ್ದರೆ ಕಕ್ಕದ ಹೊತ್ತೂ ಸರಿಹೋಗುತ್ತದೆ.

ಹೊರಗೆ ಹೋದ ಮೇಲೆ ಏನು ಮಾಡುತ್ತೇವೆ ಅನ್ನುವುದರಲ್ಲೇ ನಮ್ಮ ಸಂಜೆಯ ಸಮಸ್ಯೆ ಬಗೆಹರಿಯಿತು. ಮೊದಲು ಉಚ್ಚೆ, ಆಮೇಲೆ ವಾಕಿಂಗ್. ಲೀಶ್ ಹಿಡಿದು ಅದೇ ಜಾಗದಲ್ಲಿ ಮರದ ಹಾಗೆ ನಿಲ್ಲುತ್ತೇನೆ. ಮಾತಿಲ್ಲ, ಫೋನಿಲ್ಲ, ಆಟವಿಲ್ಲ. ಅವಳು ಕೂರಲು ಬಾಗುವಾಗ "ಸೂಸು" ಅಂತ ಒಮ್ಮೆ ಮೆಲ್ಲಗೆ. ಮುಗಿಯುವ ತನಕ ಹೊಗಳಿಕೆ ಬೇಡ, ಖುಷಿಗೆ ಅರ್ಧಕ್ಕೇ ಎದ್ದುಬಿಡುತ್ತಾಳೆ. ಮುಗಿದ ಕೂಡಲೇ ಡಬ್ಬಿ, ಶಭಾಷ್, ಆಮೇಲೆ ಅವಳಿಗಿಷ್ಟವಾದ ವಾಕಿಂಗ್. ಉಚ್ಚೆ ಮಾಡಿದೊಡನೆ ಒಳಗೆ ಎಳೆದುಕೊಂಡು ಬಂದರೆ "ಉಚ್ಚೆ ಮಾಡಿದರೆ ಸುತ್ತಾಟ ಮುಗಿಯುತ್ತೆ" ಅಂತ ಕಲಿತು, ನಾಯಿ ಹಿಡಿದುಕೊಂಡೇ ಇರುತ್ತದೆ. ಹತ್ತು ನಿಮಿಷದಲ್ಲಿ ಆಗದಿದ್ದರೆ ಒಳಗೆ ಬಂದು ಸೊಂಟದ ಹಗ್ಗ, ಕಾಲು ಗಂಟೆ ಬಿಟ್ಟು ಮತ್ತೆ ಹೊರಗೆ. ಆ ಕಾಲು ಗಂಟೆ ಅವಳನ್ನು ಬಿಡುಬೀಸಾಗಿ ಬಿಡಬಾರದು.

ಕಣ್ಣೆದುರೇ ಒಳಗೆ ಕೂತರೆ? ಕೂಗಬೇಡಿ. "ಕೆಂಚಿ, ಬಾ ಬಾ" ಅಂತ ಹಗುರವಾಗಿ ಕರೆದು ಹೊರಗೆ ಕರೆದೊಯ್ಯಿರಿ, ಉಳಿದದ್ದು ಅಲ್ಲಿ ಮಾಡಲಿ. ಆಮೇಲೆ ನೋಡಿದರೆ ಏನೂ ಮಾಡಬೇಡಿ, ಒರೆಸಿ. ಉಚ್ಚೆಗೆ ಮೂಗು ತಿಕ್ಕುವುದು, ಹೊಡೆಯುವುದು ಕ್ರೂರ. ಅದರಿಂದ ನಾಯಿ ಕಲಿಯುವುದು ಒಂದೇ: ಮನುಷ್ಯರ ಮುಂದೆ ಉಚ್ಚೆ ಮಾಡಬಾರದು. ಆಮೇಲೆ ಸೋಫಾ ಹಿಂದೆ ಅಡಗಿ ಮಾಡುತ್ತದೆ, ಹೊರಗೆ ಲೀಶ್ ಹಿಡಿದು ನಿಂತರೂ ನಮ್ಮೆದುರು ಮಾಡುವುದಿಲ್ಲ. "ತಪ್ಪು ಮಾಡಿದ ಮುಖ ಮಾಡುತ್ತೆ, ಅದಕ್ಕೆ ಗೊತ್ತು" ಅನ್ನುವವರಿಗೆ ಒಂದು ಮಾತು. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ನಿಜಕ್ಕೂ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಗದರಿದಾಗ ಆ ಮುಖ ಜಾಸ್ತಿ ಕಂಡಿತು. ಬಾಗಿದ ತಲೆ, ಓರೆ ಕಣ್ಣು, ಒಳಗೆಳೆದ ಬಾಲ ಹೇಳುವುದು "ನೀನು ಸಿಟ್ಟಾಗಿದ್ದೀಯ, ನನಗೆ ಹೆದರಿಕೆ" ಅಂತ.

ಮುಂಬಾಗಿಲ ಹನಿಗಳಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ಸಂಭ್ರಮಕ್ಕೋ ಅಳುಕಿಗೋ ತಾನಾಗಿ ಬೀಳುವುದು, ನಾಯಿಯ ಹಿಡಿತದಲ್ಲೇ ಇಲ್ಲ. ಗದರಿದರೆ ಅಳುಕು ಹೆಚ್ಚಿ ಹನಿಯೂ ಹೆಚ್ಚುತ್ತದೆ. ಮನೆಗೆ ಬರುವವರಿಗೆ ಹೇಳಿದ್ದು ಇಷ್ಟೇ: ಒಳಗೆ ಬಂದು ಅವಳನ್ನು ನೋಡಬೇಡಿ, ಮಾತಾಡಿಸಬೇಡಿ, ನಿಮ್ಮ ಪಾಡಿಗೆ ಕೂತುಕೊಳ್ಳಿ. ಅವಳು ಶಾಂತವಾಗಿ ಹತ್ತಿರ ಬಂದಾಗ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ತಲೆ ಮೇಲಿಂದ ಕೈ ತರದೆ, ಎದೆಯ ಬಳಿ ಸವರಿ. ಮೈಮೇಲೆ ಬಾಗುವುದು, ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅಳುಕುವ ನಾಯಿಗೆ ಬೆದರಿಕೆ. ಬರುವವರು ಗೊತ್ತಿದ್ದರೆ ಮುಂಚೆಯೇ ಒಮ್ಮೆ ಹೊರಗೆ ಕರೆದೊಯ್ದು ತರುತ್ತೇವೆ. ಹನಿಗಳು ತಾವಾಗೇ ಕಮ್ಮಿಯಾಗುತ್ತಿವೆ.

ಈಗಿನ ಸ್ಥಿತಿ

ಹಿಂಬಾಗಿಲ ಮೂಲೆ ಒಣಗಿದೆ, ಅವಳು ಗಂಟೆ ಬಾರಿಸುತ್ತಾಳೆ. ಎರಡು ಗಂಟೆಯ ಅಂತರವನ್ನು ಅರ್ಧರ್ಧ ಗಂಟೆ ಹಿಗ್ಗಿಸುತ್ತಾ ಬಂದೆವು. ಎಲ್ಲಾದರೂ ಎಡವಿದರೆ ಹಿಂದಿನ ಅಂತರಕ್ಕೇ ಮರಳಿ ಕೆಲವು ದಿನ ಅಲ್ಲೇ ನಿಲ್ಲುತ್ತೇವೆ. ಕೋಣೆಗಳನ್ನೂ ಒಂದೊಂದಾಗಿ ಬಿಡುತ್ತಿದ್ದೇವೆ. ಒಂದರಲ್ಲಿ ವಾರಗಟ್ಟಲೆ ಒಣಗಿದ್ದರೆ ಮಾತ್ರ ಮುಂದಿನದರ ಗೇಟು ತೆರೆಯುವುದು. ಹೊಸ ಕೋಣೆಯಲ್ಲಿ ಮೊದಲು ಅವಳ ಜೊತೆ ಕೂತು ಆಡುತ್ತೇವೆ, ಅಲ್ಲೇ ಹಾಸಿಗೆ ಹಾಕುತ್ತೇವೆ. ತಾನು ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಒದ್ದೆ ಮಾಡಿಕೊಳ್ಳುವುದಿಲ್ಲ.

ಓಣಿಯ ಕಾರ್ಪೆಟ್ ಇನ್ನೂ ಸುತ್ತಿಟ್ಟಿದ್ದೇವೆ. ಅದು ಪ್ಯಾಡಿನಂತೆ ಮೆತ್ತಗಿರುವ ತನಕ ಅವಳ ಹಳೇ ರೂಢಿಯನ್ನು ಕೆಣಕುತ್ತದೆ. ಬದಲಿಗೆ ಗಟ್ಟಿ ನೇಯ್ಗೆಯ ಚಾಪೆ ಹಾಸಿದ್ದೇವೆ, ಅದರ ಮೇಲೆ ಒಮ್ಮೆಯೂ ಆಗಿಲ್ಲ.

ಬಚ್ಚಲಿನ ಹೊರಗಿನ ನಾಲ್ಕು ಟೈಲ್ಸ್ ಸಂದಿಗಳು ಈಗಲೂ ಹನಿಯನ್ನು ಇಂಗಿಸಿಕೊಳ್ಳುತ್ತಿವೆ. ಅಲ್ಲಿ ಟಾರ್ಚಿಗೆ ಏನೂ ಹೊಳೆಯಲಿಲ್ಲ, ಆದರೂ ಕೆರೆದು ಸೀಲರ್ ಹಾಕಬೇಕು. ಗ್ರೌಟ್ ಉಳಿದಿದೆ, ಒಣ ಹವೆಗೆ ಕಾಯುತ್ತಿದ್ದೇನೆ.